ಸೆರೆಮನೆಯ ಬಾಗಿಲೂ ಪ್ರಜೆಯ ಕಣ್ಣೂ

ಕಳೆದ ಸಂತೆಯ ದಿನ ಮಧ್ಯಾಹ್ನ, ನೆರೆಯ ಗ್ರಾಮದ ಒಬ್ಬ ವೃದ್ಧೆ ನಮ್ಮ ಕಾರ್ಯಾಲಯದ ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದಳು. ಆಕೆ ಪತ್ರಿಕೆಗಾಗಿ ಬಂದವಳಲ್ಲ. ಆಕೆಗೆ ಓದು ಬಾರದು. ಆಕೆಯ ಮಗನು ಯಾವುದೋ ಆಪಾದನೆಯ ಮೇಲೆ ಒಂದು ಸೆರೆಮನೆಯಲ್ಲಿದ್ದಾನೆ. ವಿಚಾರಣೆ ಇನ್ನೂ ಮೊದಲಾಗಿಲ್ಲ. ಬಸ್ಸಿನ ಖರ್ಚಿಗೆ ಹಣ ಕೂಡಿದಾಗಲೆಲ್ಲ ಆಕೆ ಹೋಗಿ, ಜಾಲರಿಯ ಈಚೆಯಿಂದ ಅವನ ಮುಖವನ್ನು ನೋಡಿಕೊಂಡು ಬರುತ್ತಾಳೆ. ಹೇಗಿದ್ದೀಯೆಂದು ಕೇಳಿದರೆ, ಚೆನ್ನಾಗಿದ್ದೇನೆ ಎನ್ನುತ್ತಾನೆ. ಪಕ್ಕದಲ್ಲಿ ಕಾವಲುಗಾರನು ನಿಂತಿರುತ್ತಾನೆ. “ಚೆನ್ನಾಗಿಲ್ಲದಿದ್ದರೂ ಅವನು ಹಾಗೇ ಅಂತಾನೆ ಸ್ವಾಮಿ. ನಿಜ ಏನು ಅಂತ ನಾನು ಯಾರನ್ನ ಕೇಳಲಿ?” ಎಂದು ಆಕೆ ನಮ್ಮನ್ನು ಕೇಳಿದಳು. ಅನೇಕ ವರ್ಷಗಳಿಂದ ಅನೇಕ ವಿಷಯಗಳ ಮೇಲೆ ಬರೆಯುತ್ತ ಬಂದಿರುವ ನಮಗೆ, ಆ ಒಂದು ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಈ ದಿನ ಅದನ್ನೇ ನಮ್ಮ ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇವೆ.

ಆ ಮಗನು ತಪ್ಪು ಮಾಡಿದ್ದಾನೆಯೇ ಇಲ್ಲವೇ ಎಂಬುದು ನ್ಯಾಯಸ್ಥಾನಕ್ಕೆ ಸೇರಿದ ವಿಚಾರ, ನಮಗೆ ಸೇರಿದುದಲ್ಲ. ಆದರೆ ಅವನು ತಪ್ಪಿತಸ್ಥನೇ ಆಗಿದ್ದರೂ ರಾಜ್ಯವು ಅವನಿಂದ ಕಸಿದುಕೊಳ್ಳಲು ಹಕ್ಕುಳ್ಳದ್ದು ಸ್ವಾತಂತ್ರ್ಯವೊಂದನ್ನೇ. ಅವನ ಅನ್ನವನ್ನಲ್ಲ, ಔಷಧವನ್ನಲ್ಲ, ಮಾನವನ್ನಲ್ಲ. ಸ್ವತಂತ್ರನಾದ ಮನುಷ್ಯನು ಕಾಯಿಲೆಯಾದರೆ ತಾನೇ ವೈದ್ಯನ ಮನೆಗೆ ನಡೆದಾನು. ಅನ್ನ ಹಳಸಿದ್ದರೆ ಎಲೆಯನ್ನು ದೂರ ಸರಿಸಿಯಾನು. ಹೊಡೆಯಬಂದವನಿಂದ ಓಡಿ ತಪ್ಪಿಸಿಕೊಂಡಾನು. ಕೈದಿಯು ಇವುಗಳಲ್ಲಿ ಒಂದನ್ನೂ ಮಾಡಲಾರನು. ಯಾರ ಕೈಕಾಲುಗಳನ್ನು ನಾವು ಕಟ್ಟಿಟ್ಟಿದ್ದೇವೆಯೋ ಅವರ ಯೋಗಕ್ಷೇಮದ ಭಾರವು ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ನಾವೆಂದರೆ ಸರ್ಕಾರ ಮಾತ್ರವಲ್ಲ, ಯಾರ ಹೆಸರಿನಲ್ಲಿ ಸರ್ಕಾರವು ಬೀಗ ಹಾಕುತ್ತದೆಯೋ ಆ ಪ್ರಜೆಗಳೆಲ್ಲರೂ.

ಹೀಗೆ ಬೀಗದ ಹಿಂದಿರುವವರು ಎಷ್ಟು ಮಂದಿ? ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳ ಕಾರ್ಯಾಲಯದವರೇ ಪ್ರಕಟಿಸಿದ 2022ರ ಅಂಕಿಗಳಂತೆ, ದೇಶದ ಸೆರೆಮನೆಗಳಲ್ಲಿ 4,36,266 ಜನರಿಗೆ ಸ್ಥಳವಿದ್ದು, ಆ ವರ್ಷದ ಕೊನೆಗೆ ಅಲ್ಲಿದ್ದವರು 5,73,220 ಮಂದಿ. ನೂರು ಜನರ ಜಾಗದಲ್ಲಿ ನೂರಮೂವತ್ತೊಂದು ಜನ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ವಿಚಾರಣೆಗೊಳಪಟ್ಟಿರತಕ್ಕವರು; ನ್ಯಾಯಾಧೀಶರು ಅಪರಾಧಿಗಳೆಂದು ತೀರ್ಮಾನಿಸದಿರುವವರು. ಸೆರೆಮನೆ ಎಂದೊಡನೆ ಕೊಲೆಗಡುಕರನ್ನೂ ದರೋಡೆಕೋರರನ್ನೂ ಮಾತ್ರ ನೆನೆಯುವವರು ಈ ಅಂಕಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿರುವವರಲ್ಲಿ ಬಹುಮಂದಿ, ಕಾನೂನಿನ ದೃಷ್ಟಿಯಲ್ಲಿ, ನಮ್ಮ ನಿಮ್ಮಂತೆಯೇ ನಿರಪರಾಧಿಗಳು. ವ್ಯತ್ಯಾಸವಿಷ್ಟೆ: ಅನೇಕರಿಗೆ ಜಾಮೀನು ನಿಲ್ಲಲು ಆಸ್ತಿವಂತ ನೆಂಟರಿಲ್ಲ, ಓಡಾಡಿ ಕೇಳಲು ವಕೀಲರಿಲ್ಲ.

ಸೆರೆಮನೆಯು ನಮ್ಮ ದೇಶಕ್ಕೆ, ವಿಶೇಷವಾಗಿ ನಮ್ಮ ಸೀಮೆಗೆ, ಅಪರಿಚಿತವಾದ ಸ್ಥಳವಲ್ಲ. ನಮ್ಮ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅದೇ ಜಿಲ್ಲೆಯ ಈಸೂರಿನ ರೈತರು 1942ರಲ್ಲಿ ತಮ್ಮ ಗ್ರಾಮವು ಸ್ವತಂತ್ರವೆಂದು ಸಾರಿದರು. ಅದರ ಫಲವಾಗಿ 1943ರ ಮಾರ್ಚ್ ತಿಂಗಳಿನಲ್ಲಿ ಆ ಒಂದೇ ಊರಿನ ಮೊಕದ್ದಮೆಯಲ್ಲಿ ಐವರು ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿ ಗಲ್ಲಿಗೇರಿದರು. 1929ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಯತೀಂದ್ರನಾಥ ದಾಸರು ಅರುವತ್ತಮೂರು ದಿನಗಳ ಉಪವಾಸ ಮಾಡಿ ದೇಹವನ್ನು ಬಿಟ್ಟದ್ದು ತಮ್ಮ ಬಿಡುಗಡೆಯನ್ನು ಬೇಡಿ ಅಲ್ಲ. ಸೆರೆಯಾಳುಗಳನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕೆಂದು ಕೇಳಿ. ಈ ರಾಷ್ಟ್ರವನ್ನು ಕಟ್ಟಿದ ಹಿರಿಯರಲ್ಲಿ ಎಷ್ಟೋ ಮಂದಿ ಕಲ್ಲುಮಿಶ್ರಿತವಾದ ಸೆರೆಮನೆಯ ಅನ್ನವನ್ನು ಉಂಡವರು. ಅಂಥವರ ಕೈಗೆ ರಾಜ್ಯಾಧಿಕಾರವು ಬಂದೊಡನೆ ಸೆರೆಮನೆಯೇ ಮೊಟ್ಟಮೊದಲು ಸುಧಾರಿಸುವುದೆಂದು ಜನರು ನಿರೀಕ್ಷಿಸಿದ್ದರೆ ಅದರಲ್ಲಿ ಆಶ್ಚರ್ಯವೇನು?

ಆ ನಿರೀಕ್ಷೆಯು ಹೇಗೆ ಕೈಗೂಡಿತೆಂಬುದನ್ನು ಅದೇ ಬೆಂಗಳೂರಿನ ಸೆರೆಮನೆಯ ಚರಿತ್ರೆಯಿಂದಲೇ ನೋಡಬಹುದು. 1976ರ ತುರ್ತುಪರಿಸ್ಥಿತಿಯಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಅಲ್ಲಿ ಸುಮಾರು ಎಂಟು ತಿಂಗಳು ಸೆರೆಯಿಟ್ಟರು. ಉಬ್ಬಸದಿಂದ ನರಳುತ್ತಿದ್ದ ಅವರಿಗೆ ತಕ್ಕ ಚಿಕಿತ್ಸೆ ದೊರೆಯಲಿಲ್ಲ. 1977ರ ಜನವರಿ 15ರಂದು, ದೇಹಸ್ಥಿತಿ ತೀರ ಕೆಟ್ಟ ಮೇಲೆ, ಹೊರಗೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಒಳಗೆ ಏನು ನಡೆಯುತ್ತಿತ್ತೆಂಬುದು ನಾಡಿಗೆ ಚೆನ್ನಾಗಿ ತಿಳಿದದ್ದು ಮರಣಾನಂತರ ಪ್ರಕಟವಾದ ಅವರ ದಿನಚರಿಯಿಂದ. ಓದುಬರಹ ಬಲ್ಲ, ಹೆಸರುವಾಸಿಯಾದ ಒಬ್ಬ ಮಹಿಳೆಯ ಸ್ಥಿತಿಯೇ ಹೀಗಾದರೆ, ಹೆಬ್ಬೆಟ್ಟು ಒತ್ತುವ ನಮ್ಮ ಹಳ್ಳಿಯವರ ಸ್ಥಿತಿಯನ್ನು ಯಾವ ದಿನಚರಿಯು ಹೇಳೀತು?

ಅದೇ ಸೆರೆಮನೆಯಿಂದ 1984ರಲ್ಲಿ ರಾಮಮೂರ್ತಿ ಎಂಬ ಕೈದಿಯು ಭಾರತದ ಮುಖ್ಯ ನ್ಯಾಯಾಧೀಶರಿಗೆ ಒಂದು ಕಾಗದವನ್ನು ಬರೆದನು. ಊಟವು ಉಣ್ಣುವಂತಿಲ್ಲ, ದುಡಿದುದಕ್ಕೆ ತಕ್ಕ ಕೂಲಿಯಿಲ್ಲ, ಹಿಂಸೆಯುಂಟು ಎಂಬುದು ಅವನ ಅಹವಾಲು. ಸರ್ವೋಚ್ಚ ನ್ಯಾಯಾಲಯವು ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರೇ ಸ್ವತಃ ಸೆರೆಮನೆಗೆ ಹೋಗಿ ನೋಡಿ ವರದಿ ಮಾಡಬೇಕೆಂದು ವಿಧಿಸಿತು. 1996ರ ಡಿಸೆಂಬರ್ 23ರಂದು ಕೊಟ್ಟ ತೀರ್ಪಿನಲ್ಲಿ ನಮ್ಮ ಸೆರೆಮನೆಗಳನ್ನು ಕಾಡುತ್ತಿರುವ ಒಂಬತ್ತು ದೋಷಗಳನ್ನು ಎಣಿಸಿ ಹೇಳಿತು: ಕಿಕ್ಕಿರಿದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಹಾಗೂ ನೈರ್ಮಲ್ಯಗಳ ಅಲಕ್ಷ್ಯ, ಸಾಲದ ಅನ್ನವಸ್ತ್ರ, ಒಳಗೆ ಬೆಳೆಯುವ ದುರ್ವ್ಯಸನಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಸಂದರ್ಶನಗಳ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಈ ಮೊಕದ್ದಮೆಯಲ್ಲಿ ನಾವು ಗಮನಿಸಬೇಕಾದ ಅಂಶಗಳು ಎರಡು. ಸೆರೆಮನೆಯ ಆಡಳಿತಕ್ಕೆ ಸೇರದ ಒಬ್ಬ ಸತ್ಪುರುಷರು ಒಳಹೊಕ್ಕು ನೋಡಿದರೆ ಎಷ್ಟು ಸಂಗತಿಗಳು ಬೆಳಕಿಗೆ ಬಂದಾವೆಂಬುದು ಮೊದಲನೆಯದು. ಒಬ್ಬ ಕೈದಿಯ ಕೂಗಿಗೆ ತೀರ್ಪಿನ ಉತ್ತರವು ಬರಲು ಹನ್ನೆರಡು ವರ್ಷಗಳು ಹಿಡಿದುವೆಂಬುದು ಎರಡನೆಯದು. ಹಳಸಿದ ಅನ್ನದ ದೂರನ್ನು ಹನ್ನೆರಡು ವರ್ಷ ಕಾಯಿಸಬಹುದೇ? ಅದನ್ನು ಆ ವಾರದಲ್ಲಿಯೇ ನೋಡಿ, ಆ ವಾರದಲ್ಲಿಯೇ ಸರಿಪಡಿಸತಕ್ಕ ಯಾರಾದರೂ ಹತ್ತಿರದಲ್ಲಿರಬೇಕು.

ಅಂತಹವರು ಕಾನೂನಿನಲ್ಲಿ ಇಲ್ಲವೆಂದಲ್ಲ. ಬ್ರಿಟಿಷರು 1894ರಲ್ಲಿ ರಚಿಸಿದ ಬಂದೀಖಾನೆಗಳ ಅಧಿನಿಯಮದಲ್ಲಿಯೇ ಸಂದರ್ಶಕರ ನೇಮಕಕ್ಕೆ ನಿಯಮಗಳನ್ನು ಮಾಡಲು ಅವಕಾಶವಿಟ್ಟಿದ್ದರು. ಪರದೇಶದ ಪ್ರಭುತ್ವಕ್ಕೂ ಹೊರಗಿನ ಒಂದು ಕಣ್ಣು ಬೇಕೆಂದು ಆಗಲೇ ತೋರಿತ್ತು. ಕೇಂದ್ರ ಸರ್ಕಾರದ 2016ರ ಮಾದರಿ ಕೈಪಿಡಿಯು ಪ್ರತಿಯೊಂದು ಜಿಲ್ಲೆಗೂ ಒಂದು ಸಂದರ್ಶಕ ಮಂಡಲಿಯಿರಬೇಕೆಂದು ಸೂಚಿಸಿದೆ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳು, ಪೊಲೀಸ್ ವರಿಷ್ಠಾಧಿಕಾರಿಗಳು, ಮುಖ್ಯ ವೈದ್ಯಾಧಿಕಾರಿಗಳು ಮುಂತಾದವರೊಡನೆ ಶಾಸಕರೂ, ಮಾನವ ಹಕ್ಕುಗಳ ಆಯೋಗದ ಒಬ್ಬ ಪ್ರತಿನಿಧಿಯೂ, ಒಬ್ಬ ಮಹಿಳೆಯೂ ಸೇರಿದಂತೆ ಇಬ್ಬರು ಸಮಾಜಸೇವಕರೂ ಅದರಲ್ಲಿರತಕ್ಕದ್ದು. ಕೊನೆಯಲ್ಲಿ ಹೇಳಿದವರೇ ಅನಧಿಕಾರಿ ಸಂದರ್ಶಕರು. ಎಂದರೆ ಸರ್ಕಾರದ ಸಂಬಳವಿಲ್ಲದೆ ಪ್ರಜೆಗಳ ಪರವಾಗಿ ಒಳಗೆ ಹೋಗಿ ನೋಡಿ ಬರತಕ್ಕವರು. ಅಡುಗೆಯನ್ನು ರುಚಿ ನೋಡಲೂ, ಆಸ್ಪತ್ರೆಯ ಕೋಣೆಯನ್ನು ಪರೀಕ್ಷಿಸಲೂ, ಕೈದಿಗಳ ಮಾತನ್ನು ಕೇಳಲೂ, ಕಂಡುದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯಲೂ ಅವರಿಗೆ ಅಧಿಕಾರವುಂಟು.

ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಮೌನವಾಗಿಲ್ಲ. ದೆಹಲಿಯ ಸೆರೆಮನೆಯಿಂದ ಸುನಿಲ್ ಬಾತ್ರಾ ಎಂಬ ಕೈದಿಯು ತನ್ನ ಜೊತೆಯ ಬಂದಿಯೊಬ್ಬನಿಗೆ ಆದ ಹಿಂಸೆಯನ್ನು ಕುರಿತು ಬರೆದ ಕಾಗದದ ಮೇಲೆ, 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸೆರೆಮನೆಗಳಲ್ಲಿ ಅಹವಾಲಿನ ಪೆಟ್ಟಿಗೆಗಳನ್ನಿಡಬೇಕು, ನ್ಯಾಯಾಧೀಶರು ತಾವೇ ಹೋಗಿ ಕೈದಿಗಳ ದೂರುಗಳನ್ನು ಕೇಳಬೇಕು ಎಂದು ತೀರ್ಪಿತ್ತರು. 2015ರಲ್ಲಿ ಡಿ.ಕೆ. ಬಸು ಅವರ ಮೊಕದ್ದಮೆಯಲ್ಲಿ, ಸೆರೆಮನೆಗಳಿಗೂ ಪೊಲೀಸ್ ಠಾಣೆಗಳಿಗೂ ಅನಧಿಕಾರಿ ಸಂದರ್ಶಕರನ್ನು ನೇಮಿಸುವುದನ್ನು ರಾಜ್ಯಗಳು ಪರಿಶೀಲಿಸಬೇಕೆಂದು ಹೇಳಿತು. 2024ರ ಅಕ್ಟೋಬರ್ 3ರಂದು, ಕೈದಿಯ ಜಾತಿಯನ್ನು ನೋಡಿ ಒಬ್ಬನಿಗೆ ಅಡುಗೆಯನ್ನೂ ಇನ್ನೊಬ್ಬನಿಗೆ ಕಸಗುಡಿಸುವುದನ್ನೂ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಆ ಪದ್ಧತಿಯು ನಿಂತಿದೆಯೇ ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳೂ ಸಂದರ್ಶಕ ಮಂಡಲಿಗಳೂ ಜಂಟಿಯಾಗಿ ಆಗಾಗ್ಗೆ ಪರೀಕ್ಷಿಸಬೇಕೆಂದು ಅಪ್ಪಣೆಮಾಡಿತು. ಹೀಗೆ ಕಾನೂನಿನ ಕೊರತೆಯಿಲ್ಲ, ತೀರ್ಪುಗಳ ಕೊರತೆಯಿಲ್ಲ. ಹಾಗಾದರೆ ಕೊರತೆ ಎಲ್ಲಿದೆ?

ಇತ್ತೀಚಿನ ಮೂರು ಪ್ರಸಂಗಗಳನ್ನು ವಾಚಕರು ಜ್ಞಾಪಿಸಿಕೊಳ್ಳಲಿ. ಮೂರೂ ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಸಂಬಂಧಿಸಿದುವು. 2017ರ ಜುಲೈಯಲ್ಲಿ, ತಮಿಳುನಾಡಿನ ರಾಜಕಾರಣದಲ್ಲಿ ಪ್ರಬಲರಾಗಿದ್ದ ವಿ.ಕೆ. ಶಶಿಕಲಾ ಅವರಿಗೆ ಅಲ್ಲಿ ವಿಶೇಷ ಸೌಕರ್ಯಗಳು ಸಲ್ಲುತ್ತಿವೆಯೆಂದು, ಬಂದೀಖಾನೆಗಳ ಡಿ.ಐ.ಜಿ. ಆಗಿದ್ದ ಡಿ. ರೂಪಾ ಅವರು ವರದಿ ಬರೆದರು. ಕೆಲವೇ ದಿನಗಳಲ್ಲಿ ಅವರಿಗೆ ವರ್ಗವಾಯಿತು. ಆಮೇಲೆ ನಿವೃತ್ತ ಅಧಿಕಾರಿ ವಿನಯ್ ಕುಮಾರ್ ಅವರ ಸಮಿತಿಯು ವಿಚಾರಿಸಿ, ನಿಯಮಗಳು ಮುರಿದುದು ನಿಜವೆಂದು ಹೇಳಿತು. 2024ರ ಆಗಸ್ಟ್‌ನಲ್ಲಿ, ಕೊಲೆಯ ಆಪಾದನೆಯ ಮೇಲೆ ವಿಚಾರಣಾಧೀನ ಬಂದಿಯಾಗಿದ್ದ ಚಲನಚಿತ್ರನಟ ದರ್ಶನ್ ಅವರು ಸೆರೆಮನೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಕುಳಿತು, ಕೈಯಲ್ಲಿ ಸಿಗರೇಟು ಹಿಡಿದು, ಸಂಗಡಿಗರೊಡನೆ ಹರಟುತ್ತಿದ್ದ ಛಾಯಾಚಿತ್ರವು ಹೊರಬಿತ್ತು; ಅನೇಕ ಅಧಿಕಾರಿಗಳು ಅಮಾನತಾದರು, ನಟರನ್ನು ಬಳ್ಳಾರಿಗೆ ಸಾಗಿಸಿದರು. 2025ರ ನವೆಂಬರ್‌ನಲ್ಲಿ, ಘೋರ ಅಪರಾಧಗಳ ಕೈದಿಗಳು ಮೊಬೈಲ್ ಫೋನುಗಳನ್ನು ಹಿಡಿದಿರುವ ವಿಡಿಯೋಗಳು ನಾಡಿನ ತುಂಬ ಹರಡಿದುವು. ಪುನಃ ಅಮಾನತು, ಪುನಃ ಸಮಿತಿ.

ಈ ಮೂರರಲ್ಲಿ ಒಂದಾದರೂ ಸಂದರ್ಶಕ ಮಂಡಲಿಯ ವರದಿಯಿಂದ ನಾಡಿಗೆ ತಿಳಿದದ್ದೇ? ಅಲ್ಲ. ಒಂದು, ಇಲಾಖೆಯೊಳಗಿನ ಒಬ್ಬ ಅಧಿಕಾರಿಯ ಧೈರ್ಯದಿಂದ ತಿಳಿಯಿತು. ಮತ್ತೊಂದು, ಸೋರಿಹೋದ ಒಂದು ಛಾಯಾಚಿತ್ರದಿಂದ. ಮೂರನೆಯದು, ಸೋರಿಹೋದ ವಿಡಿಯೋಗಳಿಂದ. ಯಾವ ಬಾಗಿಲಿನಿಂದ ಸತ್ಯವು ರಾಜಮಾರ್ಗವಾಗಿ ಹೊರಗೆ ಬರಬೇಕಾಗಿತ್ತೋ ಆ ಬಾಗಿಲು ಮುಚ್ಚಿತ್ತು. ಅದು ಕಿಂಡಿಯಿಂದ ತೂರಿ ಬಂದಿತು. ಸೋರಿಕೆಯನ್ನೇ ನಂಬಿ ಆಡಳಿತವನ್ನು ನಡೆಸತಕ್ಕ ರಾಜ್ಯವು ಸುವ್ಯವಸ್ಥಿತವಾದ ರಾಜ್ಯವೆನಿಸುವುದೇ?

ಇನ್ನೊಂದು ಸಂಗತಿಯನ್ನೂ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಧನಿಕನಾದ ಕೈದಿಗೆ ಸಲ್ಲುವ ಸುಖವನ್ನು ಕಂಡು ಜನರು ಸಿಟ್ಟಾಗುತ್ತಾರೆ. ಸೆರೆಮನೆಯಲ್ಲಿ ಇನ್ನಷ್ಟು ಬಿಗಿಯಿರಬೇಕೆನ್ನುತ್ತಾರೆ. ಬಡ ಕೈದಿಗೆ ತಪ್ಪುವ ಔಷಧದ ಸುದ್ದಿಯನ್ನು ಕೇಳಿ ಕೆಲವರು ಮರುಗುತ್ತಾರೆ, ಇನ್ನಷ್ಟು ಕರುಣೆಯಿರಬೇಕೆನ್ನುತ್ತಾರೆ. ಈ ಎರಡು ಪಕ್ಷದವರೂ ಬೇರೆ ಬೇರೆ ರೋಗಗಳನ್ನು ನೋಡುತ್ತಿಲ್ಲ. ಯಾರೂ ನೋಡದ ಕಡೆಯಲ್ಲಿ ಪ್ರತಿಯೊಂದಕ್ಕೂ ಬೆಲೆಯೇರ್ಪಡುತ್ತದೆ. ಹಣವುಳ್ಳವನು ತನಗೆ ಸಲ್ಲದ್ದನ್ನು ಕೊಂಡುಕೊಳ್ಳುತ್ತಾನೆ. ಹಣವಿಲ್ಲದವನಿಗೆ ಸಲ್ಲಬೇಕಾದ್ದೂ ಸಿಕ್ಕುವುದಿಲ್ಲ. ಒಬ್ಬನಿಗೆ ಫೋನು ಒಳಗೆ ಹೋಗುವುದೂ ಇನ್ನೊಬ್ಬನಿಗೆ ಮಾತ್ರೆ ಒಳಗೆ ಹೋಗದಿರುವುದೂ ಒಂದೇ ಮುಚ್ಚಿದ ಬಾಗಿಲಿನ ಮಹಿಮೆ. ಆದಕಾರಣ ಸ್ವತಂತ್ರವಾದ ಪರೀಕ್ಷಣವನ್ನು ಬೇಡುವುದು ಕೈದಿಗಳನ್ನು ಮುದ್ದುಮಾಡುವುದಕ್ಕಲ್ಲ. ಬಲಾಢ್ಯನಾದ ಕೈದಿಗೂ ದುರ್ಬಲನಾದ ಕೈದಿಗೂ ಒಂದೇ ನ್ಯಾಯವು ನಡೆಯಬೇಕೆಂಬುದಕ್ಕೆ.

ಇಲಾಖೆಯ ಮೇಲಧಿಕಾರಿಗಳು ತನಿಖೆ ನಡೆಸುವುದಿಲ್ಲವೇ, ಅದು ಸಾಲದೇ ಎಂದು ಕೆಲವರು ಕೇಳಬಹುದು. ನಮ್ಮ ಸೀಮೆಯ ಅಡಿಕೆ ಬೆಳೆಗಾರರನ್ನು ನಾವು ಕೇಳುತ್ತೇವೆ: ಮಂಡಿಗೆ ಅಡಿಕೆಯ ಚೀಲಗಳನ್ನು ಒಯ್ದು, ತೂಕವನ್ನೆಲ್ಲ ಕೊಳ್ಳುವವನಿಗೇ ಬಿಟ್ಟು, ನೀವು ಹೊರಗೆ ಹೋಗಿ ಕುಳಿತುಕೊಳ್ಳುವಿರೇ? ತಕ್ಕಡಿಯ ಬಳಿ ನಿಂತು ಮುಳ್ಳನ್ನು ನೋಡುವಿರಷ್ಟೆ. ವ್ಯಾಪಾರಿಯು ಕಳ್ಳನೆಂದು ನೀವು ನಿಂತದ್ದಲ್ಲ. ನಿಂತಿರುವುದರಿಂದ ಇಬ್ಬರಿಗೂ ನಂಬಿಕೆಯುಂಟಾಗುತ್ತದೆ. ಪ್ರಾಮಾಣಿಕನಾದ ವ್ಯಾಪಾರಿಯು ನೀವು ನಿಂತುದಕ್ಕೆ ಕೋಪಿಸಿಕೊಳ್ಳುವುದೂ ಇಲ್ಲ. ಸೆರೆಮನೆಯ ವಿಷಯದಲ್ಲಿಯೂ ಅಷ್ಟೆ. ಮೇಲಧಿಕಾರಿಯ ತನಿಖೆ ಬೇಕು. ಅದರ ಜೊತೆಗೆ ಇಲಾಖೆಗೆ ಸೇರದವರ ಪರೀಕ್ಷಣವೂ ಬೇಕು. ನೆಲ್ಸನ್ ಮಂಡೇಲಾ ಅವರು ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದವರು. ಅವರ ಹೆಸರಿನಲ್ಲಿ ವಿಶ್ವಸಂಸ್ಥೆಯು 2015ರ ಡಿಸೆಂಬರ್ 17ರಂದು ಅಂಗೀಕರಿಸಿದ ನಿಯಮಗಳು ಈ ಎರಡು ಬಗೆಯ ಪರೀಕ್ಷಣಗಳೂ ಇರಬೇಕೆಂದೇ ವಿಧಿಸಿವೆ. ಪರೀಕ್ಷಕರು ಮುನ್ಸೂಚನೆಯಿಲ್ಲದೆ ಹೋಗಲೂ, ಕೈದಿಗಳೊಡನೆ ಏಕಾಂತದಲ್ಲಿ ಮಾತನಾಡಲೂ ಅಧಿಕಾರವುಳ್ಳವರಾಗಿರಬೇಕೆಂದು ಹೇಳಿವೆ.

ಇದು ದೂರದ ಬೆಂಗಳೂರಿನ ಮಾತೆಂದು ನಮ್ಮ ತಾಲ್ಲೂಕಿನವರು ತಳ್ಳಿಹಾಕುವಂತಿಲ್ಲ. 2024ರ ಮೇ 24ರ ರಾತ್ರಿ ಚನ್ನಗಿರಿಯಲ್ಲಿ ನಡೆದುದನ್ನು ಯಾರು ಮರೆತಿದ್ದಾರೆ? ಜೂಜಿನ ಆಪಾದನೆಯ ಮೇಲೆ ಠಾಣೆಗೆ ಕರೆತಂದಿದ್ದ ಒಬ್ಬ ಮನುಷ್ಯನು ಸತ್ತನು. ಬಂದ ಕೆಲವೇ ನಿಮಿಷಗಳಲ್ಲಿ ಅಸ್ವಸ್ಥನಾಗಿ ಕುಸಿದನೆಂದು ಪೊಲೀಸಿನವರು ಹೇಳಿದರು. ಪೊಲೀಸಿನವರ ಕೈಯಲ್ಲಿಯೇ ಸತ್ತನೆಂದು ಜನರು ಕೂಗಿದರು. ಕತ್ತಲಾಗುತ್ತಲೇ ಗುಂಪು ಠಾಣೆಯ ಮೇಲೆ ಬಿತ್ತು, ಕಲ್ಲುಗಳು ಹಾರಿದುವು, ವಾಹನಗಳು ಜಖಂ ಆದುವು, ಪೊಲೀಸಿನವರಿಗೆ ಗಾಯಗಳಾದುವು. ಇಬ್ಬರು ಅಧಿಕಾರಿಗಳು ಅಮಾನತಾಗಿ, ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಲಾಯಿತು. ಆ ಸಾವಿಗೆ ಕಾರಣವೇನೆಂದು ತೀರ್ಪುಹೇಳಲು ನಾವು ಹೊರಟಿಲ್ಲ. ಗುಂಪಿನ ಹಿಂಸೆಯನ್ನು ನಾವು ಎಷ್ಟುಮಾತ್ರವೂ ಸಮರ್ಥಿಸುವವರಲ್ಲ. ನಾವು ಕೇಳುವುದಿಷ್ಟೆ: ಆ ರಾತ್ರಿ ಜನರ ಮುಂದೆ ನಿಂತು, “ನಾನು ಒಳಗೆ ಹೋಗಿ ನೋಡಿದ್ದೇನೆ, ನಾನು ಪೊಲೀಸಿನವನೂ ಅಲ್ಲ, ಸತ್ತವನ ಕಡೆಯವನೂ ಅಲ್ಲ, ನಡೆದದ್ದು ಇದು” ಎಂದು ಹೇಳತಕ್ಕ, ಜನರು ನಂಬತಕ್ಕ, ಒಬ್ಬ ಮನುಷ್ಯನು ನಮ್ಮ ತಾಲ್ಲೂಕಿನಲ್ಲಿ ಇದ್ದನೇ? ಅಂತಹವನಿದ್ದಿದ್ದರೆ ಸತ್ತವನು ಬದುಕಿ ಬರುತ್ತಿರಲಿಲ್ಲ, ನಿಜ. ಆದರೆ ಸತ್ಯಕ್ಕೆ ಒಂದು ಬಾಯಿಯಿರುತ್ತಿತ್ತು. ನಂಬತಕ್ಕ ಸಾಕ್ಷಿಯಿಲ್ಲದ ಕಡೆ ಗಾಳಿಮಾತೇ ಸಾಕ್ಷಿಯಾಗುತ್ತದೆ, ಕಲ್ಲೇ ನ್ಯಾಯಾಧೀಶನಾಗುತ್ತದೆ. ಅದರಿಂದ ಪೆಟ್ಟು ತಿನ್ನುವವನು ಕರ್ತವ್ಯದ ಮೇಲೆ ನಿಂತ ಬಡ ಪೊಲೀಸ್ ಪೇದೆಯೇ.

ಠಾಣೆಗಳ ವಿಷಯದಲ್ಲಿಯೂ ವಿಧಿಗಳಿಗೆ ಬರವಿಲ್ಲ. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ಠಾಣೆಯಲ್ಲಿಯೂ ಸಿ.ಸಿ. ಕ್ಯಾಮೆರಾಗಳನ್ನು ಅಳವಡಿಸಬೇಕೆಂದೂ, ಅವುಗಳ ಮೇಲ್ವಿಚಾರಣೆಗೆ ಜಿಲ್ಲೆಗೊಂದು ಸಮಿತಿಯಿರಬೇಕೆಂದೂ ವಿಧಿಸಿತು. ಆ ಸಮಿತಿಯಲ್ಲಿ ಅಧಿಕಾರಿಗಳೊಡನೆ ನಗರದ ಮೇಯರಾಗಲಿ, ಗ್ರಾಮಾಂತರ ಪ್ರದೇಶದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರಾಗಲಿ ಇರತಕ್ಕದ್ದು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿಯು 2021ರಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪ್ರಜೆಗಳು ಆರಿಸಿದವರು ಕುಳಿತುಕೊಳ್ಳಬೇಕಾದ ಆಸನವು ಬರಿದಾದರೆ, ಅಧಿಕಾರಿಗಳನ್ನು ಅಧಿಕಾರಿಗಳೇ ನೋಡಿಕೊಳ್ಳುವಂತಾಗುತ್ತದೆ. ಕ್ಯಾಮೆರಾವು ಕಣ್ಣೇನೋ ಹೌದು. ಆದರೆ ಆ ಕಣ್ಣು ಕಂಡುದನ್ನು ಯಾರು ನೋಡುತ್ತಾರೆಂಬುದೇ ಮುಖ್ಯವಾದ ಪ್ರಶ್ನೆ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನಾವು ಬಲ್ಲೆವು. ಹೊರಗಿನವರು ಒಳಗೆ ಬಂದರೆ ಭದ್ರತೆಗೆ ಧಕ್ಕೆಯೆಂದು ಹೇಳುವರು. ಫೋನುಗಳೂ ಸಿಗರೇಟುಗಳೂ ಒಳಗೆ ಹೋದದ್ದು ಸಂದರ್ಶಕರ ಜೋಳಿಗೆಯಲ್ಲಿಯೇ? ಸಂದರ್ಶಕರಿಂದ ಅಧಿಕಾರಿಗಳ ಧೈರ್ಯವು ಕುಗ್ಗುವುದೆಂದು ಹೇಳುವರು. ಸಾಲದ ಸಿಬ್ಬಂದಿಯನ್ನಿಟ್ಟುಕೊಂಡು, ಮಿತಿಮೀರಿದ ಜನರನ್ನು ಹಗಲಿರುಳೂ ಕಾಯುವ ಜೈಲರನ ಕಷ್ಟವನ್ನು ಸರ್ಕಾರಕ್ಕೆ ತಿಳಿಸತಕ್ಕವನೂ ಆ ಸಂದರ್ಶಕನೇ ಅಲ್ಲವೇ? ವೈದ್ಯನಿಲ್ಲ, ಕಾವಲಿಗೆ ಜನವಿಲ್ಲ ಎಂದು ಅಧೀನಾಧಿಕಾರಿಯು ಹತ್ತು ಸಲ ಬರೆದರೂ ಕದಲದ ಕಾಗದವು, ಹೊರಗಿನವನೊಬ್ಬನು ಬಹಿರಂಗವಾಗಿ ಬರೆದರೆ ಕದಲೀತು. ಕೊನೆಯದಾಗಿ, ಈ ಸ್ಥಾನಗಳು ಪಕ್ಷದವರ ಹಿಂಬಾಲಕರ ಪಾಲಾಗುವುವೆಂದು ಹೇಳುವರು. ಈ ಆಕ್ಷೇಪಣೆಯಲ್ಲಿ ಮಾತ್ರ ಸತ್ಯಾಂಶವಿದೆ. ಅದಕ್ಕೆ ಪರಿಹಾರವು ಸ್ಥಾನವನ್ನು ಖಾಲಿ ಬಿಡುವುದಲ್ಲ, ಆಯ್ಕೆಯನ್ನು ಶುದ್ಧಗೊಳಿಸುವುದು.

ಆದಕಾರಣ ಸರ್ಕಾರದವರಲ್ಲಿ ನಮ್ಮ ಬಿನ್ನಹವು ಇಂತಿದೆ. ಮೊದಲನೆಯದು, ರಾಜ್ಯದ ಪ್ರತಿಯೊಂದು ಸೆರೆಮನೆಯ ಸಂದರ್ಶಕ ಮಂಡಲಿಯಲ್ಲಿ ಯಾರು ಯಾರಿದ್ದಾರೆ, ಯಾವ ಸ್ಥಾನವು ಎಷ್ಟು ದಿನಗಳಿಂದ ಬರಿದಾಗಿದೆ ಎಂಬ ಪಟ್ಟಿಯನ್ನು ಪ್ರಕಟಿಸಲಿ. ಸೆರೆಮನೆಯ ಹೆಬ್ಬಾಗಿಲಿನ ಮೇಲೆಯೂ ಅಂಟಿಸಲಿ. ಎರಡನೆಯದು, ಅನಧಿಕಾರಿ ಸಂದರ್ಶಕರನ್ನು ಆರಿಸುವ ಅಧಿಕಾರವು ಮಂತ್ರಿಗಳ ಕೈಯಲ್ಲಿರದೆ ಜಿಲ್ಲಾ ನ್ಯಾಯಾಧೀಶರ ಕೈಯಲ್ಲಿರಲಿ; ಅರ್ಜಿಗಳನ್ನು ಬಹಿರಂಗವಾಗಿ ಕರೆಯಲಿ. ಮೂರನೆಯದು, ಅವರು ಯಾವ ದಿನವಾದರೂ, ರಾತ್ರಿಯ ಊಟದ ವೇಳೆಯಲ್ಲಿಯೂ, ಮುಂಚಿತವಾಗಿ ತಿಳಿಸದೆ ಹೋಗುವಂತಿರಲಿ. ಸುಣ್ಣ ಬಳಿದು, ತೋರಣ ಕಟ್ಟಿ, ಹೊಸ ತಟ್ಟೆಗಳನ್ನಿಟ್ಟು ಕಾಯುವ ದಿನದಲ್ಲಿ ನೋಡುವುದು ನೋಡಿದಂತೆಯೇ ಅಲ್ಲ. ನಾಲ್ಕನೆಯದು, ಕೈದಿಯೊಡನೆ ಕಾವಲುಗಾರನ ಕಿವಿಗೆ ಬೀಳದಂತೆ ಮಾತನಾಡಲು ಅವಕಾಶವಿರಲಿ. ಹಾಗೆ ಮಾತನಾಡಿದವನಿಗೆ ಅನಂತರ ಕಿರುಕುಳವಾದರೆ ಅದನ್ನು ಪ್ರತ್ಯೇಕವಾದ ತಪ್ಪೆಂದು ಎಣಿಸಿ ದಂಡಿಸಲಿ. ಐದನೆಯದು, ಸಂದರ್ಶಕರು ಬರೆದುದಕ್ಕೆ ಮೂವತ್ತು ದಿನಗಳೊಳಗಾಗಿ ಲಿಖಿತವಾದ ಉತ್ತರವನ್ನು ಕೊಡತಕ್ಕದ್ದೆಂದು ನಿಯಮಮಾಡಿ, ಕೈದಿಗಳ ಹೆಸರುಗಳನ್ನು ಬಿಟ್ಟು, ಬರೆದುದನ್ನೂ ಉತ್ತರವನ್ನೂ ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಲಿ. ಉತ್ತರವಿಲ್ಲದ ಪುಸ್ತಕದಲ್ಲಿ ಎಷ್ಟು ಬರೆದರೇನು?

ಸಂದರ್ಶಕರು ಮಾಡಬಹುದಾದ ಒಂದು ಕೆಲಸವನ್ನು ದೃಷ್ಟಾಂತವಾಗಿ ಹೇಳುತ್ತೇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ವಿಧಿಯಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಆಪಾದನೆಗಳನ್ನೂ ಇನ್ನು ಕೆಲವು ಅಪವಾದಗಳನ್ನೂ ಬಿಟ್ಟರೆ, ಹಿಂದೆ ಎಂದೂ ಶಿಕ್ಷೆಗೆ ಗುರಿಯಾಗದ ಬಂದಿಯು ತನ್ನ ಆಪಾ��ನೆಗೆ ಸಲ್ಲುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯ ಕಾಲದಲ್ಲಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಅದನ್ನು ನ್ಯಾಯಾಲಯಕ್ಕೆ ಬರೆದು ತಿಳಿಸುವುದು ಸೆರೆಮನೆಯ ಅಧೀಕ್ಷಕರ ಕರ್ತವ್ಯ. ಸಂದರ್ಶಕನು ಪ್ರತಿಸಲವೂ ರಿಜಿಸ್ಟರನ್ನು ತೆಗೆಯಿಸಿ, “ಈ ವಿಧಿಗೆ ಒಳಪಡುವವರು ಎಷ್ಟು ಮಂದಿ, ಎಷ್ಟು ಮಂದಿಯ ಪರವಾಗಿ ಬರೆದಿದ್ದೀರಿ?” ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ಸಾಕು. ಯಾರಿಗೂ ತಿಳಿಯದೆ ಮೂಲೆಯಲ್ಲಿ ಕುಳಿತಿರುವವನೊಬ್ಬನು ತನ್ನ ಮನೆಯನ್ನು ಸೇರಿಯಾನು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಬಿಡದೆ ಕೇಳುವ ಹಟವೊಂದಿದ್ದರೆ ಆಯಿತು.

ಸರ್ಕಾರಕ್ಕೆ ಹೇಳಿ ಮುಗಿಸಿದರೆ ನಮ್ಮ ಕರ್ತವ್ಯವು ತೀರಲಿಲ್ಲ. ನಮ್ಮ ಸೀಮೆಯ ಜನರು ಸಾಮಾನ್ಯವಾಗಿ ಒಯ್ಯಲ್ಪಡುವುದು ದಾವಣಗೆರೆಯ ಸೆರೆಮನೆಗೆ, ಇಲ್ಲವೆ ಶಿವಮೊಗ್ಗದ ಸೋಗಾನೆಯ ಕೇಂದ್ರ ಕಾರಾಗೃಹಕ್ಕೆ. ಇವುಗಳ ಸಂದರ್ಶಕರು ಯಾರೆಂದು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಕೇಳಿ ತಿಳಿದಿದ್ದಾರೆ? ಪತ್ರಿಕೆ ನಡೆಸುವ ನಾವೇ ಇಷ್ಟು ವರ್ಷ ಅದನ್ನು ಕೇಳಲಿಲ್ಲವೆಂದು ಒಪ್ಪಿಕೊಳ್ಳಲು ನಾಚುತ್ತೇವೆ. ನಟನ ಛಾಯಾಚಿತ್ರವನ್ನು ಅಚ್ಚುಮಾಡಲು ನಮ್ಮ ಪುಟಗಳಲ್ಲಿ ಸ್ಥಳವಿತ್ತು. ಹೆಸರಿಲ್ಲದ ಕೈದಿಯ ಊಟದ ತಟ್ಟೆಗೆ ಸ್ಥಳವಿರಲಿಲ್ಲ. ನಮ್ಮಲ್ಲಿ ನಿವೃತ್ತರಾದ ಉಪಾಧ್ಯಾಯರಿದ್ದಾರೆ, ವೈದ್ಯರಿದ್ದಾರೆ, ಚನ್ನಗಿರಿಯ ನ್ಯಾಯಾಲಯದಲ್ಲಿ ಹೆಸರು ಗಳಿಸಿದ ವಕೀಲರಿದ್ದಾರೆ, ಸ್ವಸಹಾಯ ಸಂಘಗಳನ್ನು ದಕ್ಷತೆಯಿಂದ ನಡೆಸುತ್ತಿರುವ ಸ್ತ್ರೀಯರಿದ್ದಾರೆ. ಲೆಕ್ಕದ ಪುಸ್ತಕವನ್ನು ನೋಡಬಲ್ಲವರಿಗೆ ಸೆರೆಮನೆಯ ಉಗ್ರಾಣವನ್ನು ನೋಡುವುದು ಕಷ್ಟವಲ್ಲ. ನೂರು ಮಕ್ಕಳ ಮುಖಗಳನ್ನು ಓದಬಲ್ಲ ಉಪಾಧ್ಯಾಯನಿಗೆ ಹೆದರಿದ ಕೈದಿಯ ಮುಖವನ್ನು ಓದುವುದು ಕಷ್ಟವಲ್ಲ. ಇಂಥವರು ಮುಂದೆ ಬಂದು, ತಾವು ಸಿದ್ಧರೆಂದು ಜಿಲ್ಲಾ ನ್ಯಾಯಾಧೀಶರಿಗೆ ಬರೆದುಕೊಳ್ಳಲಿ.

ಪ್ರತಿ ವರ್ಷ ಆಗಸ್ಟ್ 15ರಂದು ಸೆರೆಮನೆಗೆ ಹೋಗಿಬಂದ ದೇಶಭಕ್ತರಿಗೆ ನಾವು ಹೂಮಾಲೆ ಹಾಕುತ್ತ ಬಂದೆವು. ಅವರಲ್ಲಿ ಬಹುಮಂದಿ ಈಗ ಇಲ್ಲ. ಈಸೂರಿನವರನ್ನು ಗಲ್ಲಿಗೇರಿಸಿದ ಆ ಬೆಂಗಳೂರಿನ ಸೆರೆಮನೆಯು ಕೂಡ ಈಗ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಗಿದೆ. ಅದರ ಬಾಗಿಲು ಸಾರ್ವಜನಿಕರಿಗೆ ತೆರೆದಿದೆ. ಖಾಲಿಯಾದ ಸೆರೆಮನೆಯ ಬಾಗಿಲನ್ನು ತೆರೆದಿಡುವುದು ಸುಲಭ. ಜನರಿಂದ ತುಂಬಿದ ಸೆರೆಮನೆಯ ಬಾಗಿಲನ್ನು ಸತ್ಯಕ್ಕಾಗಿ ತೆರೆದಿಡುವುದೇ ಸ್ವರಾಜ್ಯದ ಪರೀಕ್ಷೆ.

ನಮ್ಮ ಜಗಲಿಯ ಮೇಲೆ ಕುಳಿತಿದ್ದ ಆ ತಾಯಿಗೆ ಅಂದು ನಾವು ಒಂದು ಅರ್ಜಿಯನ್ನು ಬರೆದುಕೊಟ್ಟೆವು. ಬಸ್ಸಿನ ಹೊತ್ತಾಯಿತೆಂದು ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮುಂದಿನ ಸಂತೆಗೆ ಆಕೆ ಪುನಃ ಬಂದು, “ಯಾರನ್ನ ಕೇಳಲಿ?” ಎಂದರೆ, ಹೇಳಲು ಒಂದು ಹೆಸರು, ಒಂದು ವಿಳಾಸ ನಮ್ಮಲ್ಲಿರಬೇಕು. ಅಷ್ಟನ್ನು ನಮಗೆ ಒದಗಿಸಬೇಕೆಂದು ಸರ್ಕಾರದವರನ್ನು ಕೇಳುತ್ತೇವೆ.